ತಲೆಯಿದೆ, ಓದುವುದಿಲ್ಲ

ಪ್ರತಿವರ್ಷವೂ ಬೇಸಗೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ, ನಮ್ಮ ಮನೆಗಳ ಜಗಲಿಯಲ್ಲಿ, ಮದುವೆಯ ಚಪ್ಪರದಲ್ಲಿ, ಬಸ್ಸಿಗಾಗಿ ಕಾದು ನಿಂತವರ ನಡುವೆ, ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಕಡಿಮೆ ಅಂಕ ತಂದ ಹುಡುಗನನ್ನು ಕುರಿತು ಅವನ ತಂದೆಯೋ ಸೋದರಮಾವನೋ, ಗದರಿಕೆಯ ಒಳಗೇ ಒಂದಿಷ್ಟು ಅಭಿಮಾನವನ್ನು ಅಡಗಿಸಿಕೊಂಡು, "ಅವನಿಗೆ ತಲೆಯಿದೆ, ಓದುವುದಿಲ್ಲ ಅಷ್ಟೆ" ಎನ್ನುತ್ತಾರೆ. ಹೆಚ್ಚು ಅಂಕ ತಂದ ಹುಡುಗಿಯನ್ನು ಕುರಿತು ಅದೇ ಹಿರಿಯರು, ಅಷ್ಟೇ ವಾತ್ಸಲ್ಯದಿಂದ, "ಪಾಪ, ತುಂಬ ಕಷ್ಟಪಟ್ಟು ಓದುತ್ತಾಳೆ" ಎನ್ನುತ್ತಾರೆ. ಎರಡೂ ಪ್ರೀತಿಯ ಮಾತುಗಳೇ. ಆಡಿದವರ ಮನಸ್ಸಿನಲ್ಲಿ ಕೆಡುಕಿನ ಲೇಶವೂ ಇಲ್ಲ. ಆದರೆ ಈ ಎರಡು ವಾಕ್ಯಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ, ಸೋತ ಹುಡುಗನಿಗೆ ಬುದ್ಧಿಯ ಪ್ರಶಸ್ತಿಯೂ ಗೆದ್ದ ಹುಡುಗಿಗೆ ದುಡಿಮೆಯ ಕೂಲಿಯೂ ಸಂದಾಯವಾಗಿರುವುದು ಕಾಣುತ್ತದೆ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕರ್ನಾಟಕದ ಬಾಲಕಿಯರಲ್ಲಿ ನೂರಕ್ಕೆ 81 ಮಂದಿಯೂ ಬಾಲಕರಲ್ಲಿ ನೂರಕ್ಕೆ ಸುಮಾರು 66 ಮಂದಿಯೂ ತೇರ್ಗಡೆಯಾದರು. ಹೀಗೆ ಹುಡುಗಿಯರು ಮುಂದಿರುವುದು ಒಂದು ವರ್ಷದ ಆಕಸ್ಮಿಕವಲ್ಲ, ವರ್ಷವರ್ಷವೂ ಕಾಣುವ ಸಂಗತಿ. ಇಷ್ಟು ವರ್ಷಗಳ ಫಲಿತಾಂಶವೂ ಆ ಎರಡು ಮಾತುಗಳನ್ನು ಅದಲುಬದಲು ಮಾಡಲಾರದೆ ಹೋಯಿತೆಂಬುದೇ ನನ್ನನ್ನು ಬಹುಕಾಲ ಚಿಂತೆಗೆ ಹಚ್ಚಿದ ವಿಷಯ.

ಹಿರಿಯರು ಆಡುವ ಮಾತು ಹಿರಿಯರಲ್ಲೇ ಉಳಿಯುವುದಾಗಿದ್ದರೆ ಈ ಅಧ್ಯಾಯವನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಅದು ಮಕ್ಕಳ ಕಿವಿಗೆ ಬೀಳುತ್ತದೆ. ಕಿವಿಯಿಂದ ಮನಸ್ಸಿಗೆ ಇಳಿದು, ಕೆಲಕಾಲದಲ್ಲಿ ಮಕ್ಕಳು ತಮಗೆ ತಾವೇ ಹೇಳಿಕೊಳ್ಳುವ ಮಾತಾಗುತ್ತದೆ.

ಮನುಷ್ಯನು ಕಾರಣವನ್ನು ಹುಡುಕದೆ ಇರಲಾರದ ಪ್ರಾಣಿ. ಮಳೆ ಏಕೆ ಬರಲಿಲ್ಲ, ಹಸು ಏಕೆ ಹಾಲು ಕೊಡಲಿಲ್ಲ, ನೆರೆಯವನು ಏಕೆ ಮಾತಾಡಿಸದೆ ಹೋದ, ಎಂದು ಅವನು ದಿನವಿಡೀ ಕೇಳಿಕೊಳ್ಳುತ್ತಲೇ ಇರುತ್ತಾನೆ. ಸಾಮಾನ್ಯರು ತಮ್ಮ ನಿತ್ಯದ ಬದುಕಿನಲ್ಲಿ ನಡೆಸುವ ಈ ಕಾರಣಾನ್ವೇಷಣೆಯನ್ನೇ ಮನಶ್ಶಾಸ್ತ್ರದ ವಿಷಯವನ್ನಾಗಿ ಮಾಡಿದವರಲ್ಲಿ ಮೊದಲಿಗರು, ಆಸ್ಟ್ರಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಫ್ರಿಟ್ಸ್ ಹೈಡರ್ ಎಂಬ ವಿದ್ವಾಂಸರು. ಮನುಷ್ಯ ಮನುಷ್ಯರ ನಡುವಣ ಸಂಬಂಧಗಳನ್ನು ಕುರಿತ ಅವರ ಗ್ರಂಥ ಹೊರಬಂದದ್ದು 1958ರಲ್ಲಿ. ಹೈಡರರ ವಿಚಾರವನ್ನು ಶಾಲೆಯ ಕೊಠಡಿಯೊಳಕ್ಕೆ ತಂದು, ಅದಕ್ಕೊಂದು ಶಾಸ್ತ್ರದ ರೂಪವನ್ನು ಕೊಟ್ಟವರು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ನಾರ್ಡ್ ವೈನರ್. ಪರೀಕ್ಷೆಯಲ್ಲಿ ಗೆದ್ದವನೂ ಸೋತವನೂ ತನ್ನ ಫಲಕ್ಕೆ ಹೇಳಿಕೊಳ್ಳುವ ಕಾರಣಗಳು ಎಷ್ಟೇ ಬಗೆಯವಾಗಿ ತೋರಿದರೂ, ಅವುಗಳಲ್ಲಿ ಬಹುಪಾಲು ಸಾಮರ್ಥ್ಯ, ಪರಿಶ್ರಮ, ಪ್ರಶ್ನೆಪತ್ರಿಕೆಯ ಕಾಠಿಣ್ಯ, ಅದೃಷ್ಟ ಎಂಬ ನಾಲ್ಕರಲ್ಲಿ ಅಡಗುತ್ತವೆಂದು 1970ರ ದಶಕದ ಆರಂಭದಲ್ಲಿ ಅವರೂ ಅವರ ಸಹೋದ್ಯೋಗಿಗಳೂ ತೋರಿಸಿದರು. ಇವುಗಳಲ್ಲಿ ಮೊದಲೆರಡು ನಮ್ಮೊಳಗಿನವು, ಕಡೆಯೆರಡು ಹೊರಗಿನವು. ಇಷ್ಟೇ ಆಗಿದ್ದರೆ ವಿಶೇಷವೇನೂ ಇರಲಿಲ್ಲ. ವೈನರರ ಸೂಕ್ಷ್ಮದೃಷ್ಟಿಯಿರುವುದು ಮುಂದಿನ ಹೆಜ್ಜೆಯಲ್ಲಿ: ಸಾಮರ್ಥ್ಯವೂ ಪರಿಶ್ರಮವೂ ಎರಡೂ ನಮ್ಮೊಳಗಿನವೇ ಆದರೂ, ಸಾಮರ್ಥ್ಯವನ್ನು ಜನರು ಸ್ಥಿರವಾದುದೆಂದೂ ತಮ್ಮ ಕೈಮೀರಿದುದೆಂದೂ ಭಾವಿಸುತ್ತಾರೆ, ಪರಿಶ್ರಮವನ್ನಾದರೋ ಇಂದಿಗೊಂದು ನಾಳೆಗೊಂದು ಆಗಬಲ್ಲುದೆಂದೂ ತಮ್ಮ ಸ್ವಾಧೀನದಲ್ಲಿರುವುದೆಂದೂ ಭಾವಿಸುತ್ತಾರೆ. ಆದಕಾರಣ, ಸೋತ ವಿದ್ಯಾರ್ಥಿ ಮುಂದಿನ ಸಲ ಮತ್ತೆ ಪುಸ್ತಕ ತೆರೆಯುತ್ತಾನೋ ಇಲ್ಲವೋ ಎಂಬುದು, ಸೋಲು ಎಷ್ಟು ದೊಡ್ಡದು ಎಂಬುದಕ್ಕಿಂತ ಹೆಚ್ಚಾಗಿ, ಆ ಸೋಲಿಗೆ ಅವನು ಯಾವ ಕಾರಣವನ್ನು ಆರೋಪಿಸಿಕೊಂಡನೆಂಬುದನ್ನು ಅವಲಂಬಿಸಿರುತ್ತದೆ.

ಈ ಭೇದವನ್ನು ತಿಳಿಯಲು ಕನ್ನಡಿಗನು ಬಹು ದೂರ ಹೋಗಬೇಕಾಗಿಲ್ಲ. ಅವನ ನುಡಿಯ ವ್ಯಾಕರಣವೇ ಅದನ್ನು ಬೇರ್ಪಡಿಸಿ ಇಟ್ಟಿದೆ. "ನಾನು ಲೆಕ್ಕ ಮಾಡಲಿಲ್ಲ" ಎಂಬಲ್ಲಿ 'ನಾನು' ಎಂಬುದು ಪ್ರಥಮಾ ವಿಭಕ್ತಿ. ಕರ್ತೃ ನಾನೇ, ಮಾಡದೆ ಬಿಟ್ಟವನೂ ನಾನೇ, ನಾಳೆ ಮಾಡಬಲ್ಲವನೂ ನಾನೇ. ಕ್ರಿಯಾಪದವೂ ಕಳೆದುಹೋದ ಒಂದು ದಿನವನ್ನಷ್ಟೇ ಕುರಿತದ್ದು. "ನನಗೆ ಲೆಕ್ಕ ಬರುವುದಿಲ್ಲ" ಎಂಬಲ್ಲಿಯಾದರೋ 'ನನಗೆ' ಎಂಬುದು ಚತುರ್ಥೀ ವಿಭಕ್ತಿ. ಇಲ್ಲಿ ಕರ್ತೃಸ್ಥಾನದಲ್ಲಿರುವುದು ಲೆಕ್ಕ, ಬರಬೇಕಾದದ್ದು ಅದು, ನಾನು ಬರಿದೆ ಕಾದು ಕುಳಿತವನು. ಮತ್ತು ಆ 'ಬರುವುದಿಲ್ಲ' ಎಂಬುದು ನಿನ್ನೆಗೂ ಇಂದಿಗೂ ಎಂದೆಂದಿಗೂ ಅನ್ವಯಿಸತಕ್ಕ ರೂಪ. "ತಲೆಗೆ ಹತ್ತುವುದಿಲ್ಲ" ಎಂಬ ಮಾತೂ ಈ ಜಾತಿಯದೇ. ಒಂದು ಮಗು ತನ್ನ ಸೋಲನ್ನು ಯಾವ ವಿಭಕ್ತಿಯಲ್ಲಿ ಹೇಳಿಕೊಳ್ಳುತ್ತದೆಂಬುದನ್ನು ಕಿವಿಗೊಟ್ಟು ಕೇಳಿದರೆ, ಅದರ ಮುಂದಿನ ನಡೆಯನ್ನು ಬಹುಮಟ್ಟಿಗೆ ಊಹಿಸಬಹುದೆಂದು ನನಗೆ ತೋರುತ್ತದೆ.

ಈಗ ಹುಡುಗ ಹುಡುಗಿಯರ ವಿಷಯಕ್ಕೆ ಬರೋಣ. ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ಹುಡುಗಿಯರು ಹುಡುಗರಿಗಿಂತ ಒಳ್ಳೆಯ ಅಂಕ ಪಡೆಯುತ್ತಿದ್ದರು, ಉಪಾಧ್ಯಾಯರ ಮೆಚ್ಚಿಕೆಗೂ ಹೆಚ್ಚು ಪಾತ್ರರಾಗಿದ್ದರು, ಬೈಸಿಕೊಳ್ಳುವುದೂ ಅವರಿಗೆ ಕಡಿಮೆಯೇ. ಹಾಗಿದ್ದೂ ಒಂದು ಕಠಿಣವಾದ ಸಮಸ್ಯೆ ಎದುರಾಗಿ ಒಮ್ಮೆ ಎಡವಿದರೆಂದರೆ, ಕೈಚೆಲ್ಲಿ ಕುಳಿತು "ನಾನು ಇದಕ್ಕೆ ಯೋಗ್ಯಳಲ್ಲ" ಎಂದುಕೊಳ್ಳುವವರು ಹುಡುಗರಿಗಿಂತ ಅವರಲ್ಲಿಯೇ ಹೆಚ್ಚಾಗಿ ಕಂಡುಬಂದರು. ಹೆಚ್ಚು ಹೊಗಳಿಸಿಕೊಂಡವರಿಗೆ ಹೆಚ್ಚು ಆತ್ಮವಿಶ್ವಾಸ ಇರಬೇಕಲ್ಲವೆ? ಹೆಚ್ಚು ಬೈಸಿಕೊಂಡ ಹುಡುಗರು ಕುಗ್ಗಬೇಕಲ್ಲವೆ? ಈ ವಿರೋಧಾಭಾಸವನ್ನು ಬಿಡಿಸಲು ಹೊರಟವರು ಕ್ಯಾರಲ್ ಡ್ವೆಕ್ ಎಂಬ ವಿದುಷಿಯೂ ಅವರ ಮೂವರು ಸಂಗಡಿಗರೂ. ಅವರು ಮಾಡಿದ ಕೆಲಸ ಅತ್ಯಂತ ಸರಳವಾದದ್ದು, ಆದರೆ ಅಸಾಧಾರಣವಾದ ತಾಳ್ಮೆಯನ್ನು ಬೇಡತಕ್ಕದ್ದು. ನಾಲ್ಕು ಮತ್ತು ಐದನೆಯ ತರಗತಿಗಳ ಕೊಠಡಿಗಳಲ್ಲಿ ವೀಕ್ಷಕರನ್ನು ಕೂರಿಸಿ, ಉಪಾಧ್ಯಾಯರ ಬಾಯಿಂದ ಹೊರಟ ಒಂದೊಂದು ಮೆಚ್ಚುಗೆಯನ್ನೂ ಒಂದೊಂದು ಆಕ್ಷೇಪವನ್ನೂ, ಅದು ಯಾರಿಗೆ ಸಂದಿತು, ಯಾವುದನ್ನು ಕುರಿತು ಸಂದಿತು ಎಂಬ ವಿವರದೊಂದಿಗೆ ಬರೆಸಿಕೊಂಡರು. ಫಲಿತವನ್ನು 1978ರಲ್ಲಿ ಪ್ರಕಟಿಸಿದರು.

ಹುಡುಗರಿಗೆ ಬೈಗುಳ ಹೆಚ್ಚೆಂಬುದು ನಿಜವಾಯಿತು. ಆದರೆ ಆ ಬೈಗುಳದಲ್ಲಿ ಬಹುಪಾಲು ಯಾವುದಕ್ಕೆ? ಗದ್ದಲಕ್ಕೆ, ಅಂಕುಡೊಂಕಾದ ಅಕ್ಷರಕ್ಕೆ, ಹಾಳೆಯ ಮೇಲೆ ಚೆಲ್ಲಿದ ಕೊಳೆಗೆ, ಅಲಕ್ಷ್ಯಕ್ಕೆ. ಅವರ ಬರೆವಣಿಗೆಯ ಕೆಲಸವನ್ನು ಕುರಿತ ಆಕ್ಷೇಪಗಳನ್ನಷ್ಟೇ ತೆಗೆದುಕೊಂಡರೂ, ಉತ್ತರದ ಸರಿತಪ್ಪನ್ನು ಕುರಿತಿದ್ದವು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಉಳಿದವೆಲ್ಲ ಅಂದಚೆಂದವನ್ನು ಕುರಿತವು. ಹುಡುಗಿಯರಿಗೆ ಸಂದ ಆಕ್ಷೇಪಗಳು ಎಣಿಕೆಯಲ್ಲಿ ಕಡಿಮೆ. ಆದರೆ ಕೆಲಸವನ್ನು ಕುರಿತ ಅಂಥ ಹತ್ತು ಆಕ್ಷೇಪಗಳಲ್ಲಿ ಸುಮಾರು ಒಂಬತ್ತು ಉತ್ತರದ ತಪ್ಪನ್ನೇ ಬೆರಳಿಟ್ಟು ತೋರಿಸಿದಂಥವು. ಹೊಗಳಿಕೆಯಲ್ಲಿ ಈ ಚಿತ್ರ ತಲೆಕೆಳಗಾಯಿತು: ಹುಡುಗರ ಕೆಲಸಕ್ಕೆ ದೊರೆತ ಮೆಚ್ಚುಗೆ ಬಹುತೇಕ ಅವರ ಉತ್ತರದ ಗುಣಕ್ಕೆ ದೊರೆತದ್ದು, ಹುಡುಗಿಯರ ಮೆಚ್ಚುಗೆಯಲ್ಲಿ ಐದರಲ್ಲೊಂದು ಪಾಲು ದುಂಡಾದ ಅಕ್ಷರಕ್ಕೂ ಒಪ್ಪವಾದ ಹಾಳೆಗೂ ಸಂದುಹೋಯಿತು. ಇವೆಲ್ಲಕ್ಕೂ ಮಿಗಿಲಾದ ಒಂದು ಸಂಗತಿ ಇನ್ನೂ ಇದೆ. ಮಗು ತಪ್ಪಿದಾಗ, "ನೀನು ಮನಸ್ಸಿಟ್ಟು ಮಾಡಲಿಲ್ಲ" ಎಂಬ ಕಾರಣವನ್ನು ಉಪಾಧ್ಯಾಯರು ಬಾಯಿಬಿಟ್ಟು ಹೇಳಿದ್ದು, ಹುಡುಗಿಯರಿಗಿಂತ ಹುಡುಗರಿಗೆ ಎಂಟು ಪಟ್ಟು ಹೆಚ್ಚು.

ಈ ಅಂಕಿಗಳ ಹಿಂದೆ ಹತ್ತು ವರ್ಷದ ಒಂದು ಮಗುವನ್ನು ಕಲ್ಪಿಸಿಕೊಳ್ಳಬೇಕು. ದಿನಕ್ಕೆ ಹತ್ತು ಸಲ ಹತ್ತು ಕಾರಣಗಳಿಗಾಗಿ ಬೈಸಿಕೊಳ್ಳುವ ಹುಡುಗನಿಗೆ ಬೈಗುಳವೆಂಬುದು ತನ್ನ ಬುದ್ಧಿಯನ್ನು ಕುರಿತ ತೀರ್ಪಾಗಿ ತೋರುವುದೇ ಇಲ್ಲ. ಮೇಷ್ಟರಿಗೆ ನನ್ನನ್ನು ಕಂಡರಾಗದು, ಇಲ್ಲವೆ ನಾನು ಇಂದು ಲಕ್ಷ್ಯವಿಡಲಿಲ್ಲ, ಎಂದು ಅದನ್ನು ಅವನು ಕೊಡವಿಕೊಂಡುಬಿಡುತ್ತಾನೆ. ಸದಾ ಒಪ್ಪವಾಗಿ ಕುಳಿತು, ಲಕ್ಷ್ಯವಿಟ್ಟು ಕೇಳಿ, ದುಂಡಗೆ ಬರೆದು ತಂದ ಹುಡುಗಿಗಾದರೋ ಈ ದಾರಿಗಳೆಲ್ಲ ಮುಚ್ಚಿಹೋಗಿವೆ. ಮೇಷ್ಟರಿಗೆ ಅವಳೆಂದರೆ ಅಕ್ಕರೆ, ಅವಳು ಶ್ರಮಪಟ್ಟದ್ದು ಎಲ್ಲರಿಗೂ ಗೊತ್ತು, ಅಕ್ಷರ ಮುತ್ತಿನಂತಿದೆ, ಹಾಗಿದ್ದೂ ಉತ್ತರ ತಪ್ಪಾಯಿತು. ಇನ್ನು ಉಳಿಯುವ ಕಾರಣ ಒಂದೇ. ಆ ಕಾರಣವನ್ನು ಯಾರೂ ಅವಳಿಗೆ ಹೇಳಲಿಲ್ಲ. ತರ್ಕಶುದ್ಧವಾಗಿ ಆಲೋಚಿಸಿ ಅವಳೇ ಅದನ್ನು ಕಂಡುಕೊಂಡಳು. ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಅತ್ಯಂತ ಕಲಕುವುದು ಇದೇ: ಅವಳು ತಲಪಿದ ತೀರ್ಮಾನ ತಪ್ಪು, ಆದರೆ ಅವಳ ಮುಂದೆ ಹಾಸಿದ ಸಾಕ್ಷ್ಯದಿಂದ ಬುದ್ಧಿವಂತೆಯಾದವಳು ಬೇರೆ ತೀರ್ಮಾನಕ್ಕೆ ಬರುವುದು ಕಷ್ಟವಾಗಿತ್ತು.

ಇದು ಹುಡುಗಿಯರ ಜನ್ಮಸ್ವಭಾವವೇ ಏಕಾಗಿರಬಾರದು ಎಂದು ಯಾರಾದರೂ ಕೇಳಿಯಾರು. ಆ ಸಂಶೋಧಕರು ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡು ಒಂದು ಪ್ರಯೋಗವನ್ನು ಹೂಡಿದ್ದರು. ಅಕ್ಷರಗಳನ್ನು ಕಲಸಿಕೊಟ್ಟು ಪದವನ್ನು ಹೊಂದಿಸಹೇಳುವ ಒಗಟುಗಳನ್ನು ಹುಡುಗ ಹುಡುಗಿಯರಿಬ್ಬರಿಗೂ ಕೊಟ್ಟರು. ಕೆಲವು ಮಕ್ಕಳಿಗೆ, ತರಗತಿಯಲ್ಲಿ ಹುಡುಗರಿಗೆ ದೊರೆಯುತ್ತಿದ್ದ ಬಗೆಯಲ್ಲಿ, ಉತ್ತರದ ತಪ್ಪಿಗೂ ಬರೆವಣಿಗೆಯ ಕೊಳಕಿಗೂ ಬೆರಸಿ ಆಕ್ಷೇಪಣೆ. ಇನ್ನು ಕೆಲವರಿಗೆ, ಹುಡುಗಿಯರಿಗೆ ದೊರೆಯುತ್ತಿದ್ದ ಬಗೆಯಲ್ಲಿ, ಉತ್ತರದ ತಪ್ಪಿಗಷ್ಟೇ ಆಕ್ಷೇಪಣೆ. ಅನಂತರ ಬೇರೊಂದು ಕೆಲಸವನ್ನು ಕೊಟ್ಟು, ಅದರಲ್ಲಿ ಎಡವಿದಾಗ ಕಾರಣವೇನೆಂದು ಕೇಳಿದರು. ಎರಡನೆಯ ಬಗೆಯ ಮಾತನ್ನು ಕೇಳಿಸಿಕೊಂಡ ಮಕ್ಕಳು, ಅವರಲ್ಲಿ ಹುಡುಗರಿರಲಿ ಹುಡುಗಿಯರಿರಲಿ, "ನನಗೆ ಇದು ಬರುವುದಿಲ್ಲ" ಎಂಬ ಕಾರಣದತ್ತ ವಾಲಿದರು. ಮೊದಲನೆಯ ಬಗೆಯದನ್ನು ಕೇಳಿಸಿಕೊಂಡವರು ಹಾಗೆ ಮಾಡಲಿಲ್ಲ. ಹುಡುಗರ ಪಾಲಿನ ಮಾತನ್ನು ಹುಡುಗಿಯರಿಗೆ ಆಡಿದರೆ ಅವರು ಹುಡುಗರಂತೆ ಕಾರಣ ಹೇಳುತ್ತಾರೆ. ಹುಡುಗಿಯರ ಪಾಲಿನದನ್ನು ಹುಡುಗರಿಗೆ ಆಡಿದರೆ ಅವರು ಹುಡುಗಿಯರಂತೆ ಕುಗ್ಗುತ್ತಾರೆ. ಜನ್ಮಸ್ವಭಾವದ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಮಾಧಾನವನ್ನು ನಾನರಿಯೆ.

ಶಾಸ್ತ್ರದಲ್ಲಿ ಉತ್ಸಾಹಕ್ಕೆ ಕಡಿವಾಣವೂ ಬೇಕು. ಹುಡುಗಿಯರೆಲ್ಲ ಹೀಗೆ, ಹುಡುಗರೆಲ್ಲ ಹಾಗೆ ಎಂದು ಎರಡು ಗೆರೆ ಎಳೆಯುವುದು ಸರಿಯಲ್ಲ. ಐರೀನ್ ಫ್ರೀಜ್ ಮತ್ತು ಸಂಗಡಿಗರು 1982ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ, ಗಂಡು ಹೆಣ್ಣುಗಳು ತಮ್ಮ ಸೋಲುಗೆಲುವುಗಳಿಗೆ ಹೇಳುವ ಕಾರಣಗಳಲ್ಲಿ ಒಟ್ಟಾರೆ ಅಂತರ ಅಲ್ಪವೆಂದೇ ಕಂಡುಬಂತು. ಆದರೆ ಒಟ್ಟು ಲೆಕ್ಕದಲ್ಲಿ ಕರಗಿಹೋಗುವ ಅಂತರ ಒಂದು ನಿರ್ದಿಷ್ಟ ಸ್ಥಳದಲ್ಲಿ ಗಟ್ಟಿಯಾಗಿ ನಿಂತಿರುವುದುಂಟು. ಡೆಬೊರಾ ಸ್ಟಿಪೆಕ್ 1984ರಲ್ಲಿ ಐದು ಮತ್ತು ಆರನೆಯ ತರಗತಿಯ ಮಕ್ಕಳನ್ನು ಗಣಿತದ ಪರೀಕ್ಷೆಯಾದ ಮೇಲೂ ಕಾಗುಣಿತದ ಪರೀಕ್ಷೆಯಾದ ಮೇಲೂ ವಿಚಾರಿಸಿದರು. ಕಾಗುಣಿತದಲ್ಲಿ ಹುಡುಗ ಹುಡುಗಿಯರ ಕಾರಣಗಳು ಒಂದೇ ಬಗೆಯವಾಗಿದ್ದವು. ಗಣಿತದಲ್ಲಿ ಮಾತ್ರ, ಸೋತ ಹುಡುಗಿ ತನ್ನ ಸಾಮರ್ಥ್ಯವನ್ನು ದೂರುವುದೂ, ಗೆದ್ದ ಹುಡುಗಿ ಆ ಗೆಲುವನ್ನು ತನ್ನ ಸಾಮರ್ಥ್ಯದ ಖಾತೆಗೆ ಹಾಕಿಕೊಳ್ಳಲು ಹಿಂಜರಿಯುವುದೂ ಕಾಣಿಸಿತು. ಗಣಿತವು ಗಂಡಿನ ವಿದ್ಯೆಯೆಂದು ಸಮಾಜ ಬರೆದಿಟ್ಟ ಬೇಲಿ ಎಲ್ಲಿದೆಯೋ ಅಲ್ಲಿಯೇ ಕಾಲು ತಡವರಿಸುತ್ತದೆ. ಆ ಬೇಲಿಯನ್ನು ನೆಟ್ಟವರು ಬರಿಯ ಉಪಾಧ್ಯಾಯರಲ್ಲ. ಮಿಷಿಗನ್ನಿನಲ್ಲಿ ಡೋರಿಸ್ ಯೀ ಮತ್ತು ಜ್ಯಾಕ್ವೆಲಿನ್ ಎಕಲ್ಸ್ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತದಲ್ಲಿ ಮಗನು ಗೆದ್ದಾಗ ತಂದೆತಾಯಿಗಳು ಅವನ ಪ್ರತಿಭೆಯನ್ನು ನೆನೆದರು, ಮಗಳು ಗೆದ್ದಾಗ ಅವಳ ಪರಿಶ್ರಮವನ್ನು ನೆನೆದರು. ನಮ್ಮ ಜಗಲಿಯ ಮಾತು ನಮ್ಮ ಜಗಲಿಯದು ಮಾತ್ರವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಹುಡುಗನಿಗೆ ಈ ಏರ್ಪಾಟಿನಿಂದ ಲಾಭವೇ? ಹಾಗೆಂದು ನಾನು ಒಪ್ಪಲಾರೆ. ಬರ್ಕ್ಲಿಯ ಮಾರ್ಟಿನ್ ಕೊವಿಂಗ್ಟನ್, ಕ್ಯಾರಲ್ ಓಮೆಲಿಕ್ ಎಂಬ ಸಹೋದ್ಯೋಗಿಯೊಡನೆ 1979ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಪರಿಶ್ರಮವನ್ನು ಇಬ್ಬಾಯಿಯ ಕತ್ತಿಯೆಂದು ಕರೆದರು. ಓದದೆ ಸೋತರೆ ಮೇಷ್ಟರ ಸಿಟ್ಟು ಎದುರಾಗುತ್ತದೆ, ಆದರೆ ಬುದ್ಧಿಯ ಮಾನ ಉಳಿಯುತ್ತದೆ. ಓದಿಯೂ ಸೋತರೆ ಮೇಷ್ಟರ ಕನಿಕರ ದೊರೆಯುತ್ತದೆ, ಆದರೆ ಬುದ್ಧಿಯ ಮಾನ ಹೋಗುತ್ತದೆ. "ತಲೆಯಿದೆ, ಓದುವುದಿಲ್ಲ" ಎಂಬ ಬಿರುದನ್ನು ಹೊತ್ತ ಹುಡುಗನು, ಆ ಬಿರುದನ್ನು ಕಾಪಾಡಿಕೊಳ್ಳಬೇಕಾದರೆ ಓದದೆ ಇರುವುದೇ ಕ್ಷೇಮವೆಂಬ ಲೆಕ್ಕಾಚಾರಕ್ಕೆ ಬಂದುಬಿಡುತ್ತಾನೆ. ಓದಿದನೆಂದರೆ ತಲೆಯ ಪರೀಕ್ಷೆಯಾಗುತ್ತದೆ. ಓದದಿದ್ದಷ್ಟು ಕಾಲವೂ ಅದು ಪರೀಕ್ಷೆಗೆ ಒಳಪಡದ ನಿಧಿಯಾಗಿ ಉಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯರೊಡನೆ ತಿರುಗಾಡಿ, "ನಾನೇನೂ ಓದಿಲ್ಲ ಮಾರಾಯ" ಎಂದು ಎಲ್ಲರಿಗೂ ಕೇಳುವಂತೆ ಹೇಳುವ ಹುಡುಗನಲ್ಲಿ ನನಗೆ ಉಡಾಫೆಗಿಂತ ಹೆಚ್ಚಾಗಿ ಅಂಜಿಕೆಯೇ ಕಾಣುತ್ತದೆ. ಪ್ರತಿವರ್ಷ ಅನುತ್ತೀರ್ಣರಾಗುವ ಬಾಲಕರೆಲ್ಲರ ಸೋಲಿಗೂ ಇದೊಂದೇ ಕಾರಣವೆಂದು ಹೇಳುವುದು ದುಡುಕು. ಬಡತನ, ದುಡಿಮೆಗೆ ಹೋಗಬೇಕಾದ ಒತ್ತಾಯ, ಇನ್ನೂ ಎಷ್ಟೋ ಇವೆ. ಆದರೂ ಆ ಪ್ರೀತಿಯ ಮಾತಿಗೆ ಅದರಲ್ಲಿ ಒಂದು ಪಾಲಿದೆಯೆಂದೇ ನನ್ನ ನಂಬಿಕೆ.

ಈ ಬೀಜ ಎಷ್ಟು ಎಳೆಯ ವಯಸ್ಸಿನಲ್ಲಿ ಬೀಳುತ್ತದೆಂಬುದನ್ನು ಲಿನ್ ಬಿಯನ್, ಸಾರಾ ಜೇನ್ ಲೆಸ್ಲಿ, ಆಂಡ್ರೇ ಚಿಂಪಿಯನ್ ಎಂಬವರು 2017ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅತ್ಯಂತ ಬುದ್ಧಿಶಾಲಿಯಾದ ಒಬ್ಬರ ಕಥೆಯನ್ನು ಅಮೆರಿಕದ ಮಕ್ಕಳಿಗೆ ಹೇಳಿ, ಈ ಚಿತ್ರಗಳಲ್ಲಿ ಅವರು ಯಾರಿರಬಹುದೆಂದು ಕೇಳಿದರೆ, ಐದು ವರ್ಷದ ಹುಡುಗಿ ಹೆಂಗಸಿನ ಚಿತ್ರವನ್ನೂ ಐದು ವರ್ಷದ ಹುಡುಗ ಗಂಡಸಿನ ಚಿತ್ರವನ್ನೂ ಸರಿಸಮನಾಗಿ ತೋರಿಸುತ್ತಿದ್ದರು. ಆರು, ಏಳನೆಯ ವಯಸ್ಸಿಗೆ ಬರುವಷ್ಟರಲ್ಲಿ ಹುಡುಗಿಯರ ಬೆರಳು ತಮ್ಮವರ ಚಿತ್ರದತ್ತ ಹೋಗುವುದು ಕಡಿಮೆಯಾಗಿತ್ತು. ಶಾಲೆಯಲ್ಲಿ ಒಳ್ಳೆಯ ಅಂಕ ತೆಗೆಯುವವರು ಯಾರೆಂದು ಕೇಳಿದರೆ ಮಾತ್ರ, ಅದೇ ಹುಡುಗಿಯರು ಹಿಂಜರಿಯದೆ ಹುಡುಗಿಯರನ್ನೇ ತೋರಿಸಿದರು. ಅಂಕ ಬೇರೆ, ತಲೆ ಬೇರೆ, ಎಂಬ ಪಾಠ ಒಂದನೆಯ ತರಗತಿಯಲ್ಲಿಯೇ ಮುಗಿದಿತ್ತು.

ದೊಡ್ಡವರಾದ ಮೇಲಿನ ಚಿತ್ರವೂ ಇದಕ್ಕೆ ಹೊಂದುವಂಥದೇ. 2018ರ ಪೀಸಾ ಎಂಬ ಅಂತಾರಾಷ್ಟ್ರೀಯ ಪರೀಕ್ಷೆಯಲ್ಲಿ, "ಸೋಲುತ್ತಿರುವಾಗ, ನನ್ನಲ್ಲಿ ಸಾಕಷ್ಟು ಪ್ರತಿಭೆ ಇಲ್ಲವೇನೋ ಎಂಬ ಭಯವಾಗುತ್ತದೆ" ಎಂಬ ಅರ್ಥದ ಹೇಳಿಕೆಯನ್ನು ಹದಿನೈದರ ವಯಸ್ಸಿನವರ ಮುಂದಿಟ್ಟಿದ್ದರು. ಅದರಲ್ಲಿ ಭಾರತ ಭಾಗವಹಿಸಿರಲಿಲ್ಲ. 72 ದೇಶಗಳ ಐದು ಲಕ್ಷಕ್ಕೂ ಹೆಚ್ಚಿನ ಉತ್ತರಗಳನ್ನು ಕ್ಲೊಟಿಲ್ಡ್ ನಾಪ್ ಮತ್ತು ತೊಮಾ ಬ್ರೆಡಾ 2022ರಲ್ಲಿ ಪರಿಶೀಲಿಸಿದಾಗ, ಸೌದಿ ಅರೇಬಿಯ ಒಂದನ್ನುಳಿದು ಮಿಕ್ಕೆಲ್ಲ ದೇಶಗಳಲ್ಲಿಯೂ ಆ ಭಯವನ್ನು ಹುಡುಗರಿಗಿಂತ ಹುಡುಗಿಯರು ಹೆಚ್ಚಾಗಿ ಒಪ್ಪಿಕೊಂಡದ್ದು ತಿಳಿದುಬಂತು. ಮುಂದುವರಿದ ರಾಷ್ಟ್ರಗಳಲ್ಲಿ ಸರಾಸರಿ ನೂರಕ್ಕೆ 61 ಹುಡುಗಿಯರು, 47 ಹುಡುಗರು. ಹಿಂದುಳಿದ ವಿದ್ಯಾರ್ಥಿಗಳಲ್ಲಿ ಈ ಅಂತರ ಹೆಚ್ಚಿರಬಹುದೆಂದು ನಾವು ಊಹಿಸಿದರೆ ಅದೂ ತಪ್ಪಾಗುತ್ತದೆ. ಅಂತರ ಹಿಗ್ಗಿದ್ದದ್ದು ಅತಿ ಹೆಚ್ಚು ಅಂಕ ಪಡೆಯುವವರ ನಡುವೆ. ಗೆಲುವು ತಾನಾಗಿಯೇ ಧೈರ್ಯವನ್ನು ತರುತ್ತದೆಂಬ ನಮ್ಮ ಭರವಸೆ ಇಲ್ಲಿ ಕುಸಿಯುತ್ತದೆ.

ಅದು ಕುಸಿಯಬೇಕಾದದ್ದೇ ಎಂಬುದನ್ನು ಡ್ವೆಕ್ ಇನ್ನೂ ಮೊದಲೇ, 1975ರ ಒಂದು ಪುಟ್ಟ ಪ್ರಯೋಗದಲ್ಲಿ ಕಂಡಿದ್ದರು. ಎಂಟರಿಂದ ಹದಿಮೂರು ವರ್ಷದೊಳಗಿನ ಹನ್ನೆರಡು ಮಕ್ಕಳು. ಗಣಿತದಲ್ಲಿ ಒಮ್ಮೆ ತಪ್ಪಿದರೆ ಮುಂದಿನ ಸುಲಭವಾದ ಲೆಕ್ಕವನ್ನೂ ಮಾಡಲಾರದೆ ಕೈಕಾಲು ಬಿಡುತ್ತಿದ್ದವರು. ಆರು ಮಕ್ಕಳಿಗೆ ಇಪ್ಪತ್ತೈದು ದಿನಗಳ ಪಾಠದಲ್ಲಿ ಬರಿಯ ಗೆಲುವನ್ನೇ ಉಣಿಸಿದರು. ಉಳಿದ ಆರು ಮಕ್ಕಳಿಗೆ ಗೆಲುವಿನ ನಡುನಡುವೆ ಒಂದೆರಡು ಸೋಲುಗಳನ್ನೂ ಬೇಕೆಂದೇ ಇಟ್ಟು, ಆ ಕ್ಷಣದಲ್ಲಿ "ಇಲ್ಲಿ ನೀನು ಇನ್ನಷ್ಟು ಪ್ರಯತ್ನಪಡಬೇಕಾಗಿತ್ತು" ಎಂದು ಹೇಳಿದರು. ಕಡೆಯಲ್ಲಿ ಎರಡೂ ಗುಂಪಿಗೆ ಕಠಿಣವಾದ ಲೆಕ್ಕಗಳನ್ನು ಕೊಟ್ಟಾಗ, ಗೆಲುವನ್ನೇ ಉಂಡ ಮಕ್ಕಳು ಸೋಲು ಬಂದೊಡನೆ ಮೊದಲಿನಂತೆಯೇ ಕುಸಿದರು. ಎರಡನೆಯ ಗುಂಪಿನವರು ನಿಂತರು, ಕೆಲವರು ಮೊದಲಿಗಿಂತ ಚೆನ್ನಾಗಿ ಮಾಡಿದರು. ಹನ್ನೆರಡು ಮಕ್ಕಳ ಮೇಲೆ ಲೋಕವನ್ನೆಲ್ಲ ಕಟ್ಟಲಾಗದು. ಇಂಥ ವಿಚಾರಗಳನ್ನು ಆಧರಿಸಿದ ಒಂದು ಕಿರುಪಾಠವನ್ನು ಅಮೆರಿಕದ ಹನ್ನೆರಡು ಸಾವಿರ ಮಂದಿ ಒಂಬತ್ತನೆಯ ತರಗತಿಯವರಿಗೆ ಕೊಟ್ಟು ನೋಡಿದ ಡೇವಿಡ್ ಯೇಗರ್ ಮೊದಲಾದವರ 2019ರ ವರದಿಯಲ್ಲಿ ಕಂಡ ಪ್ರಯೋಜನ ನಿಜವಾದದ್ದಾದರೂ ಸಣ್ಣದು. ಮನಸ್ಸಿನಲ್ಲಿ ವರ್ಷಗಟ್ಟಲೆ ಬೇರುಬಿಟ್ಟ ಮಾತನ್ನು ಒಂದು ಗಂಟೆಯ ಪಾಠ ಕೀಳಲಾರದೆಂಬುದು ಸಹಜವೇ.

ನನಗಿರುವ ಸಂಶಯ ಬೇರೊಂದು. "ಇನ್ನಷ್ಟು ಪ್ರಯತ್ನಪಡು" ಎಂಬ ಔಷಧ ಓದದ ಹುಡುಗನಿಗೆ ಹಿತವಾದೀತು. ರಾತ್ರಿ ಹನ್ನೊಂದರವರೆಗೆ ಕುಳಿತು ಓದಿ, ಬೆಳಗ್ಗೆ ನಾಲ್ಕಕ್ಕೆ ಎದ್ದು ಮತ್ತೆ ಓದಿದ ಹುಡುಗಿಗೆ ಅದನ್ನೇ ಕೊಟ್ಟರೆ? ಅವಳಲ್ಲಿ ಪ್ರಯತ್ನಕ್ಕೆ ಕೊರತೆಯಿಲ್ಲ; ಆ ಪ್ರಯತ್ನವೇ ತನಗೆ ತಲೆಯಿಲ್ಲವೆಂಬುದಕ್ಕೆ ಸಾಕ್ಷಿಯೆಂದು ಅವಳು ಕೇಳಿಸಿಕೊಂಡಿದ್ದಾಳೆ. ಅವಳ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡ ಉಪಾಧ್ಯಾಯರು ಅಕ್ಷರ ದುಂಡಗಿದೆಯೆಂಬುದನ್ನು ಹೇಳದೆ ಬಿಟ್ಟು, "ಇಲ್ಲಿಯವರೆಗೆ ನೀನು ಆಲೋಚಿಸಿದ ದಾರಿ ಸರಿ, ಬೇರೆಯವರಿಗೆ ಹೊಳೆಯದ ದಾರಿ, ಮೂರನೆಯ ಸಾಲಿನಲ್ಲಿ ಋಣಚಿಹ್ನೆ ಬಿಟ್ಟುಹೋಗಿದೆ, ನೋಡು" ಎಂದು ಆ ಸಾಲಿನ ಮೇಲೆ ಬೆರಳಿಟ್ಟರೆ, ಆಗ ತಪ್ಪಿದ್ದು ಮೂರನೆಯ ಸಾಲು, ಅವಳಲ್ಲ. ಅವಳು ಸೀಸದ ಕಡ್ಡಿಯನ್ನು ಕೈಗೆತ್ತಿಕೊಂಡು ಚಿಹ್ನೆಯನ್ನು ಹಾಕುತ್ತಾಳೆ, ಮತ್ತು ಲೆಕ್ಕವನ್ನು ಅಲ್ಲಿಂದ ಮುಂದಕ್ಕೆ ತಾನೇ ಮಾಡುತ್ತಾಳೆ.